ಫೇಲಾದ ಯೋಧನಿಗೆ ಎಷ್ಟು ಶಿಕ್ಷೆ ಸಾಕು?

2013ರ ಮೇ ತಿಂಗಳಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ ನೌಕಾಪಡೆಯ ಮೀಸಲು ದಳಕ್ಕೆ ಅಧಿಕಾರಿಯಾಗಿ ಸೇರಿದರು. ಆಗ ಅವರಿಗೆ 43 ವರ್ಷ. ಆ ವಯಸ್ಸಿನಲ್ಲಿ ಸೇನೆ ಸೇರಲು ವಿಶೇಷ ವಿನಾಯಿತಿ ಬೇಕು, ಸಿಕ್ಕಿತು. ಹಿಂದೊಮ್ಮೆ ಡ್ರಗ್ಸ್ ವಿಚಾರದಲ್ಲಿ ಸಿಕ್ಕಿಬಿದ್ದದ್ದಕ್ಕೆ ಇನ್ನೊಂದು ವಿನಾಯಿತಿ ಬೇಕಿತ್ತು, ಅದೂ ಸಿಕ್ಕಿತು. ಶ್ವೇತಭವನದಲ್ಲಿ ಅಪ್ಪನೇ ಪ್ರಮಾಣವಚನ ಬೋಧಿಸಿದರು. ಅದಾದ ಮುಂದಿನ ತಿಂಗಳೇ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಕೆಲಸಕ್ಕೆ ಹಾಜರಾದಾಗ ಮೂತ್ರದ ಮಾದರಿ ಕೊಡಬೇಕಾಯಿತು. ಅದರಲ್ಲಿ ಕೊಕೇನ್ ಪತ್ತೆಯಾಯಿತು. ಬಾರಿನ ಹೊರಗೆ ಅಪರಿಚಿತರಿಂದ ಪಡೆದು ಸೇದಿದ ಸಿಗರೇಟಿನಲ್ಲಿ ಅದು ಬೆರೆತಿರಬಹುದು ಎಂಬುದು ಹಂಟರ್ ಕೊಟ್ಟ ಸಮಜಾಯಿಷಿ. 2014ರ ಫೆಬ್ರುವರಿಯಲ್ಲಿ ನೌಕಾಪಡೆ ಅವರನ್ನು ಮನೆಗೆ ಕಳಿಸಿತು.

ಉಪಾಧ್ಯಕ್ಷರ ಮಗನಾದರೂ ಬಿಡಲಿಲ್ಲವಲ್ಲ ಎಂದು ಹಲವರು ಮೆಚ್ಚಿಕೊಂಡರು. ಮೆಚ್ಚುವಂಥದ್ದೇ. ಆದರೆ ಹಂಟರ್ ಕಳೆದುಕೊಂಡದ್ದೇನು? ಅವರ ಬಳಿ ಯೇಲ್ ವಿಶ್ವವಿದ್ಯಾಲಯದ ಕಾನೂನು ಪದವಿಯಿತ್ತು, ವಕೀಲಿ ವೃತ್ತಿಯಿತ್ತು, ರಾಜಧಾನಿಯ ಗಣ್ಯರೆಲ್ಲರ ಪರಿಚಯವಿತ್ತು. ಸೇನೆ ಅವರಿಗೆ ಅನ್ನದ ದಾರಿಯಾಗಿರಲಿಲ್ಲ. ಅದೇ ಫಲಿತಾಂಶ, ಹೈಸ್ಕೂಲು ಮುಗಿಸಿ ಕಾಲೇಜಿನ ಖರ್ಚಿಗೆಂದೇ ಸೇನೆ ಸೇರಿದ 21 ವರ್ಷದ ಹುಡುಗನ ಕಡತಕ್ಕೆ ಬಂದು ಕೂತರೆ ಅವನ ಸಂಬಳ, ಓದು, ಚಿಕಿತ್ಸೆ, ಮುಂದಿನ ನೌಕರಿ ಎಲ್ಲಕ್ಕೂ ಒಟ್ಟಿಗೇ ಕುತ್ತು ಬರುತ್ತದೆ.

ಸೇನೆಯಲ್ಲಿ ಡ್ರಗ್ಸ್ ಪರೀಕ್ಷೆ ಇರಬೇಕೇ ಬೇಡವೇ ಎಂಬುದು ಇಲ್ಲಿನ ತಕರಾರಲ್ಲ. ಇರಲೇಬೇಕು. ಬಂದೂಕು, ಕ್ಷಿಪಣಿ, ಯುದ್ಧವಿಮಾನಗಳನ್ನು ಕೈಗೆ ಕೊಟ್ಟ ಮೇಲೆ ಆ ಕೈ ನಡುಗದಂತೆ ನೋಡಿಕೊಳ್ಳುವ ಹಕ್ಕು ಸರ್ಕಾರಕ್ಕಿದೆ. ಪ್ರಶ್ನೆ ಇರುವುದು ಪರೀಕ್ಷೆಯ ನಂತರದ್ದರ ಬಗ್ಗೆ. ದೇಹದೊಳಗೆ ಒಂದು ರಾಸಾಯನಿಕ ಇತ್ತು ಎಂದಷ್ಟೇ ಪ್ರಯೋಗಾಲಯ ಹೇಳಬಲ್ಲದು. ಆ ಒಂದು ಸಾಲಿನಿಂದ ಒಬ್ಬನ ಇಡೀ ಸೇವೆಯ ಯೋಗ್ಯತೆಯನ್ನು ಅಳೆದು, ಜೀವಮಾನವಿಡೀ ಅವನ ಹಿಂದೆ ಬರುವ ಪತ್ರವನ್ನು ಬರೆದುಕೊಡುವುದು ಎಷ್ಟು ಸರಿ? ಈ ಎರಡರ ನಡುವೆ ಇರಬೇಕಾದ ವಿವೇಚನೆ ಅಮೆರಿಕದ ಸೇನೆಯಲ್ಲಿ ಸವೆಯುತ್ತ ಬಂದಿದೆ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಬೆಳಗಿನ ಹಾಜರಾತಿಯ ಹೊತ್ತಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಹೆಸರುಗಳ ಪಟ್ಟಿ ಓದುತ್ತಾರೆ. ಹೆಸರು ಬಂದವರು ಗುರುತಿನ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮೇಜಿನ ಹಿಂದೆ ಕೂತ ಸಿಬ್ಬಂದಿ ಪ್ಲಾಸ್ಟಿಕ್ ಬಾಟಲಿಗೆ ದಿನಾಂಕ ಮತ್ತು ಗುರುತಿನ ಸಂಖ್ಯೆ ಇರುವ ಚೀಟಿ ಅಂಟಿಸುತ್ತಾನೆ, ಸೈನಿಕ ಅದರ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಬರೆಯುತ್ತಾನೆ. ಶೌಚಾಲಯದೊಳಕ್ಕೆ ಒಬ್ಬನನ್ನೇ ಬಿಡುವುದಿಲ್ಲ. ಅವನದೇ ಲಿಂಗದ ವೀಕ್ಷಕನೊಬ್ಬ ಜೊತೆಗೆ ಹೋಗುತ್ತಾನೆ. ಮೂತ್ರ ದೇಹದಿಂದ ಹೊರಬಂದು ಬಾಟಲಿಗೆ ಬೀಳುವುದನ್ನು ಅವನು ಕಣ್ಣಾರೆ ನೋಡಲೇಬೇಕು. ಬೇರೆಯವರ ಮೂತ್ರ ತಂದು ಸುರಿಯುವ ಚಾಲಾಕಿತನಕ್ಕೆ ಕಂಡುಕೊಂಡ ಉಪಾಯವಿದು. ಕನಿಷ್ಠ 30 ಮಿಲಿಲೀಟರ್ ತುಂಬಬೇಕು. ತುಂಬದಿದ್ದರೆ ನೀರು ಕುಡಿದು ಕಾಯಬೇಕು. ಮುಚ್ಚಳ ಬಿಗಿದು, ಸೀಲ್ ಪಟ್ಟಿ ಅಂಟಿಸಿ, ವಹಿಯಲ್ಲಿ ಸಹಿ ಹಾಕಿದ ಮೇಲೆ ಆ ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಲೆಕ್ಕ ಕಾಗದದಲ್ಲಿ ಶುರುವಾಗುತ್ತದೆ. ಸೇವೆಯಲ್ಲಿರುವ ಪ್ರತಿಯೊಬ್ಬರಿಗೂ ಸರಾಸರಿ ವರ್ಷಕ್ಕೊಮ್ಮೆಯಾದರೂ ಈ ಸರದಿ ಬರುತ್ತದೆ.

ಪ್ರಯೋಗಾಲಯದಲ್ಲಿ ಮೊದಲು ಒಂದು ಶೋಧಕ ಪರೀಕ್ಷೆ. ಅದರಲ್ಲಿ ಸಂಶಯ ಬಂದ ಮಾದರಿ ಇನ್ನೊಮ್ಮೆ ಶೋಧನೆಗೆ, ಆಮೇಲೆ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಹೆಚ್ಚು ನಿಖರವಾದ ವಿಧಾನಕ್ಕೆ ಹೋಗುತ್ತದೆ. ಗಾಂಜಾದ ಅಂಶ ಒಂದು ಮಿಲಿಲೀಟರ್‌ನಲ್ಲಿ 15 ನ್ಯಾನೊಗ್ರಾಂ, ಕೊಕೇನಿನ ಅಂಶ 100 ನ್ಯಾನೊಗ್ರಾಂ ಮುಟ್ಟಿದರೆ ಪಾಸಿಟಿವ್. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಗಡಿಯನ್ನು ಇಷ್ಟು ಕೆಳಗೆ ಇಟ್ಟಿರುವುದರಿಂದ ಕರ್ತವ್ಯದ ಹೊತ್ತಿನಲ್ಲಿ ಸೈನಿಕ ಅಮಲಿನಲ್ಲಿದ್ದನೇ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರಜೆಯಲ್ಲಿ ಊರಿಗೆ ಹೋಗಿದ್ದಾಗ ಸೇದಿದ್ದರೂ ಅಪರಾಧವೇ.

ಪಾಸಿಟಿವ್ ಬಂದ ಮೇಲೆ ಚೆಂಡು ಕಮಾಂಡರ್ ಅಂಗಳದಲ್ಲಿ. ಅವರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಕೋರ್ಟಿಗೆ ಹೋಗದ ಇಲಾಖಾ ಶಿಕ್ಷೆ: ಹಿಂಬಡ್ತಿ, ಎರಡು ತಿಂಗಳವರೆಗೆ ಅರ್ಧ ಸಂಬಳ ಕಡಿತ, 45 ದಿನಗಳವರೆಗೆ ಹೆಚ್ಚುವರಿ ದುಡಿಮೆ. ಎರಡನೆಯದು ಸೇವೆಯಿಂದ ಹೊರಹಾಕುವ ಆಡಳಿತಾತ್ಮಕ ಪ್ರಕ್ರಿಯೆ. ಇವೆರಡೂ ಒಟ್ಟಿಗೇ ಬರುವುದು ಸಾಮಾನ್ಯ. ಮೂರನೆಯದು ಕೋರ್ಟ್ ಮಾರ್ಷಲ್. ಅಮೆರಿಕದ ಸೇನಾ ನ್ಯಾಯ ಸಂಹಿತೆಯ 112ಎ ವಿಧಿಯ ಅಡಿ ಕೊಕೇನ್, ಹೆರಾಯಿನ್ ಸೇವನೆಗೆ 5 ವರ್ಷದವರೆಗೆ, ಗಾಂಜಾ ಸೇವನೆಗೆ 2 ವರ್ಷದವರೆಗೆ ಜೈಲು ವಿಧಿಸಲು ಅವಕಾಶವಿದೆ, ಜೊತೆಗೆ ಅವಮಾನಕರ ವಜಾ. ಮೊದಲ ಸಲ ಸಿಕ್ಕವರನ್ನು ಅಷ್ಟು ದೂರ ಎಳೆಯುವುದು ವಿರಳ. ಹೆಚ್ಚಿನವರ ಕಥೆ ಎರಡನೆಯ ದಾರಿಯಲ್ಲೇ ಮುಗಿಯುತ್ತದೆ.

ಗಮನಿಸಬೇಕಾದದ್ದೂ ಆ ದಾರಿಯನ್ನೇ. ಕೋರ್ಟ್ ಮಾರ್ಷಲ್‌ನಲ್ಲಾದರೆ ವಕೀಲರಿದ್ದಾರೆ, ಪಾಟೀಸವಾಲಿದೆ, ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪ ಸಾಬೀತಾಗಬೇಕು. ಗೊತ್ತಿಲ್ಲದೆ ದೇಹ ಸೇರಿತು ಎಂಬ ವಾದಕ್ಕೂ ಅಲ್ಲಿ ಬೆಲೆಯಿದೆ, ಯಾಕೆಂದರೆ ತಿಳಿದೂ ಸೇವಿಸಿದರೆ ಮಾತ್ರ ಅದು ಅಪರಾಧ. ಆಡಳಿತಾತ್ಮಕ ಪ್ರಕ್ರಿಯೆಯಲ್ಲಿ ಸಾಕ್ಷ್ಯದ ತಕ್ಕಡಿ ಸ್ವಲ್ಪ ವಾಲಿದರೂ ಸಾಕು. ಆರು ವರ್ಷ ಸೇವೆ ಪೂರೈಸದವನಿಗೆ, ತೀರಾ ಕೆಟ್ಟ ದರ್ಜೆಯ ಬಿಡುಗಡೆಯ ಪ್ರಸ್ತಾವ ಇಲ್ಲದಿದ್ದರೆ, ಮಂಡಳಿಯ ಮುಂದೆ ನಿಂತು ಅಹವಾಲು ಹೇಳಿಕೊಳ್ಳುವ ಹಕ್ಕೂ ಇಲ್ಲ. ಲಿಖಿತ ಉತ್ತರ ಕೊಟ್ಟು ಕಾಯಬೇಕು, ಅಷ್ಟೇ. ಕಿರಿಯ ಸೈನಿಕರಲ್ಲಿ ಬಹುಪಾಲು ಈ ಗುಂಪಿನವರು.

ಹೊರಹೋಗುವ ದಿನ ಕೈಗೆ ಬರುವ ಬಿಡುಗಡೆ ಪತ್ರಕ್ಕೆ ಡಿಡಿ-214 ಎಂದು ಹೆಸರು. ಸೇವೆಯನ್ನು ಸೇನೆ ಯಾವ ದರ್ಜೆಗೆ ಸೇರಿಸಿದೆ ಎಂಬುದು ಅದರಲ್ಲಿರುತ್ತದೆ. ಮೇಲ್ತುದಿಯಲ್ಲಿ 'ಆನರಬಲ್', ಅಂದರೆ ಗೌರವಯುತ ಬಿಡುಗಡೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ 'ಜನರಲ್'. ಅದರ ಕೆಳಗೆ 'ಅದರ್ ದ್ಯಾನ್ ಆನರಬಲ್', ಗೌರವಯುತವಲ್ಲದ ಬಿಡುಗಡೆ. ಇದಕ್ಕೂ ಕೆಳಗಿನ ಎರಡು ದರ್ಜೆಗಳನ್ನು ಕೋರ್ಟ್ ಮಾರ್ಷಲ್ ಮಾತ್ರ ಕೊಡಬಹುದು. ಕಾಲೇಜು ಶುಲ್ಕ ಭರಿಸುವ ಜಿಐ ಬಿಲ್ ಸೌಲಭ್ಯಕ್ಕೆ ಮೇಲ್ತುದಿಯ ದರ್ಜೆಯೇ ಬೇಕು. 'ಜನರಲ್' ಸಿಕ್ಕರೂ ಆ ಹಣ ಹೋಯಿತು. ಮೂರನೆಯ ದರ್ಜೆಗೆ ಇಳಿದರೆ ಮಾಜಿ ಸೈನಿಕರ ಆಸ್ಪತ್ರೆ, ಅಂಗವಿಕಲತೆಯ ಪರಿಹಾರ, ಗೃಹಸಾಲದ ಖಾತರಿ ಎಲ್ಲವೂ ಅಡಕತ್ತರಿಗೆ ಸಿಲುಕುತ್ತವೆ. ಅಮೆರಿಕದಲ್ಲಿ ಮಾಜಿ ಸೈನಿಕ ಎಂದು ಹೇಳಿಕೊಂಡರೆ ಉದ್ಯೋಗದಾತ ಮೊದಲು ಕೇಳುವ ಕಾಗದವೂ ಇದೇ.

ಪಿಂಚಣಿಯ ಲೆಕ್ಕ ಇನ್ನೂ ಕಟು. ಅಲ್ಲಿ ಪೂರ್ಣ ಪಿಂಚಣಿಗೆ 20 ವರ್ಷ ಸೇವೆ ಮಾಡಬೇಕು. ಎರಡನೆಯ ವರ್ಷದಲ್ಲಿ ಫೇಲಾದವನು ಒಂದು ನೌಕರಿ ಕಳೆದುಕೊಳ್ಳುತ್ತಾನೆ. ಹದಿನೆಂಟನೆಯ ವರ್ಷದಲ್ಲಿ ಫೇಲಾದವನು ಅದೇ 15 ನ್ಯಾನೊಗ್ರಾಮಿಗೆ ವೃದ್ಧಾಪ್ಯದ ಆಸರೆಯನ್ನೇ ಕಳೆದುಕೊಳ್ಳಬಹುದು. ತಪ್ಪು ಒಂದೇ ಆದರೂ ದಂಡದ ಮೊತ್ತ ಹಲವು ಪಟ್ಟು ಹೆಚ್ಚುಕಡಿಮೆಯಾಗುವ ಇಂಥ ವ್ಯವಸ್ಥೆಯನ್ನು ಯಾವ ಸಿವಿಲ್ ನ್ಯಾಯಾಧೀಶರೂ ಸುಲಭಕ್ಕೆ ಒಪ್ಪಲಾರರು.

ವಲಸಿಗರಿಗೆ ಇನ್ನೊಂದು ಕತ್ತಿ ತೂಗುತ್ತಿರುತ್ತದೆ. ಗ್ರೀನ್ ಕಾರ್ಡ್ ಹೊಂದಿದವರು ಸೇನೆ ಸೇರಿದರೆ ಪೌರತ್ವ ಬೇಗ ಸಿಗುತ್ತದೆ. ಭಾರತದಿಂದ ಹೋದವರಲ್ಲೂ ಈ ದಾರಿ ಹಿಡಿದವರಿದ್ದಾರೆ. ಹಾಗೆ ಪಡೆದ ಪೌರತ್ವವನ್ನು, ಒಟ್ಟು ಐದು ವರ್ಷ ಗೌರವಯುತವಾಗಿ ಸೇವೆ ಸಲ್ಲಿಸುವ ಮೊದಲೇ ಕೆಟ್ಟ ದರ್ಜೆಯಲ್ಲಿ ಹೊರಬಿದ್ದರೆ, ವಾಪಸ್ ಪಡೆಯಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ.

ಇಷ್ಟು ಬಿಗಿ ಒಂದೇ ದಿನದಲ್ಲಿ ಬಂದದ್ದಲ್ಲ. ಆರಂಭದಲ್ಲಿ ಈ ಪರೀಕ್ಷೆಯ ಉದ್ದೇಶ ಶಿಕ್ಷೆಯಾಗಿರಲೇ ಇಲ್ಲ. 1971ರ ಮೇ ತಿಂಗಳಲ್ಲಿ ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ ಎಂಬ ಇಬ್ಬರು ಸಂಸದರು ವಿಯೆಟ್ನಾಂಗೆ ಹೋಗಿ ಬಂದು, ಅಲ್ಲಿನ ಅಮೆರಿಕನ್ ಸೈನಿಕರಲ್ಲಿ ಶೇ 10ರಿಂದ 15ರಷ್ಟು ಮಂದಿ ಹೆರಾಯಿನ್ ಚಟಕ್ಕೆ ಬಿದ್ದಿದ್ದಾರೆ ಎಂದು ವರದಿ ಕೊಟ್ಟರು. ದೇಶ ಬೆಚ್ಚಿಬಿತ್ತು. ಸಾವಿರಾರು ಹುಡುಗರು ಚಟದೊಂದಿಗೇ ಊರಿಗೆ ಮರಳಿದರೆ ಗತಿಯೇನು? ಮರು ತಿಂಗಳೇ ಅಧ್ಯಕ್ಷ ರಿಚರ್ಡ್ ನಿಕ್ಸನ್, ವೈದ್ಯ ಜೆರೋಮ್ ಜಾಫಿ ಅವರಿಗೆ ಹೊಣೆ ಒಪ್ಪಿಸಿದರು. ಜಾಫಿ ತಂದ ನಿಯಮ ಸರಳವಾಗಿತ್ತು. ವಿಯೆಟ್ನಾಂನಿಂದ ಮನೆಗೆ ಹೊರಟವನು ಮೂತ್ರ ಪರೀಕ್ಷೆಯಲ್ಲಿ ಪಾಸಾದರೆ ವಿಮಾನ ಹತ್ತಬಹುದು. ಫೇಲಾದರೆ ಅಲ್ಲೇ ಉಳಿದು ಚಿಕಿತ್ಸೆ ಪಡೆಯಬೇಕು. ಸೈನಿಕರು ಇದಕ್ಕೆ 'ಆಪರೇಷನ್ ಗೋಲ್ಡನ್ ಫ್ಲೋ' ಎಂದು ತಮಾಷೆಯ ಹೆಸರಿಟ್ಟರು. ಕೋರ್ಟ್ ಮಾರ್ಷಲ್ ಭಯವಿಲ್ಲದ ಈ ಪರೀಕ್ಷೆಯಲ್ಲಿ ಶಿಕ್ಷೆ ಎಂದರೆ ಊರಿಗೆ ಹೋಗುವುದು ತಡವಾಗುವುದು ಮಾತ್ರ. ಮನೆಯ ಹಂಬಲ ಹತ್ತಿದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಹೀಗೆ ಮರಳಿದವರನ್ನು ಸಂಶೋಧಕಿ ಲೀ ರಾಬಿನ್ಸ್ ಹುಡುಕಿ ಹುಡುಕಿ ಮಾತನಾಡಿಸಿದರು. ಐವರಲ್ಲಿ ಒಬ್ಬ ತಾನು ವಿಯೆಟ್ನಾಂನಲ್ಲಿ ಚಟಕ್ಕೆ ಬಿದ್ದಿದ್ದಾಗಿ ಒಪ್ಪಿಕೊಂಡ. ಆದರೆ ಹಾಗೆ ಚಟಕ್ಕೆ ಬಿದ್ದಿದ್ದವರ ಪೈಕಿ ತವರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಮರಳಿದವರು ಶೇ 5ರಷ್ಟು ಮಾತ್ರ. ಮೂರು ವರ್ಷದ ಲೆಕ್ಕ ತೆಗೆದರೂ ಶೇ 12. ಹೆರಾಯಿನ್ ಒಮ್ಮೆ ಹತ್ತಿದರೆ ಬಿಡದು ಎಂದು ನಂಬಿದ್ದ ಜಗತ್ತಿಗೆ ಇದನ್ನು ಅರಗಿಸಿಕೊಳ್ಳಲು ವರ್ಷಗಳೇ ಹಿಡಿದವು. ಯುದ್ಧದ ಬೇಸರ, ಭಯ, ಕೈಗೆಟಕುವ ಬೆಲೆಯ ಸರಕು ಇವು ಮೂರೂ ಇಲ್ಲವಾದಾಗ ಬಹುತೇಕರು ಚಟವನ್ನೂ ಬಿಟ್ಟರು. ಒಂದು ಪಾಸಿಟಿವ್ ಫಲಿತಾಂಶ ಒಬ್ಬನ ಇಡೀ ಭವಿಷ್ಯವನ್ನು ಹೇಳಲಾರದು ಎಂಬುದಕ್ಕೆ ಸೇನೆಯ ಮೇಲೆಯೇ ನಡೆದ ಈ ಅಧ್ಯಯನಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

1974ರಲ್ಲಿ ಅಲ್ಲಿನ ಸೇನಾ ಮೇಲ್ಮನವಿ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ನಿಂತಿತು. ಕೆಟ್ಟ ದರ್ಜೆಯಲ್ಲಿ ಹೊರಹಾಕಲು ಬಳಕೆಯಾಗಬಹುದಾದ ಪರೀಕ್ಷೆಗೆ ಮೂತ್ರ ಕೊಡು ಎಂದು ಸೈನಿಕನಿಗೆ ಆಜ್ಞೆ ಮಾಡುವುದು, ಅವನ ವಿರುದ್ಧ ಅವನಿಂದಲೇ ಸಾಕ್ಷ್ಯ ಕಸಿದುಕೊಂಡಂತೆ ಎಂದು ರೂಯಿಜ್ ಪ್ರಕರಣದಲ್ಲಿ ಹೇಳಿತು. ಈ ತಡೆ ಹೆಚ್ಚು ಕಾಲ ಬಾಳಲಿಲ್ಲ. ದಶಕ ಮುಗಿಯುವ ಹೊತ್ತಿಗೆ ನ್ಯಾಯಾಲಯದ ನಿಲುವು ಸಡಿಲಾಗಿತ್ತು, ಸೇನೆಯೊಳಗಿನ ಸ್ಥಿತಿಯೂ ಕೈಮೀರಿತ್ತು. 1980ರ ಸಮೀಕ್ಷೆಯಲ್ಲಿ ಶೇ 27.6ರಷ್ಟು ಸೈನಿಕರು ಹಿಂದಿನ 30 ದಿನಗಳಲ್ಲಿ ಯಾವುದಾದರೊಂದು ಡ್ರಗ್ಸ್ ಸೇವಿಸಿದ್ದಾಗಿ ತಾವೇ ಹೇಳಿದ್ದರು.

ಆಮೇಲೆ ಬಂತು 1981ರ ಮೇ 26ರ ರಾತ್ರಿ. ಫ್ಲೋರಿಡಾ ಕರಾವಳಿಯಾಚೆ ವಿಮಾನವಾಹಕ ನೌಕೆ ನಿಮಿಟ್ಜ್ ಮೇಲೆ ಇಳಿಯುತ್ತಿದ್ದ ಪ್ರೌಲರ್ ವಿಮಾನ ದಾರಿ ತಪ್ಪಿ, ಡೆಕ್‌ನಲ್ಲಿ ನಿಂತಿದ್ದ ವಿಮಾನಗಳಿಗೆ ಬಡಿಯಿತು. ಬೆಂಕಿ ಹತ್ತಿಕೊಂಡು ಸಿಡಿಮದ್ದುಗಳು ಸಿಡಿದವು. 14 ಮಂದಿ ಸತ್ತರು, 40ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮರಣೋತ್ತರ ಪರೀಕ್ಷೆಯಲ್ಲಿ, ಸತ್ತ ಡೆಕ್ ಸಿಬ್ಬಂದಿಯಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ಕಿತು. ಅಪಘಾತಕ್ಕೆ ಗಾಂಜಾ ಕಾರಣವಲ್ಲ ಎಂದು ನೌಕಾಪಡೆಯೇ ಹೇಳಿತು. ಪೈಲಟ್ ದೇಹದಲ್ಲಿ ಮಿತಿ ಮೀರಿ ಸಿಕ್ಕಿದ್ದು ಶೀತಕ್ಕೆ ತೆಗೆದುಕೊಳ್ಳುವ ಸಾಮಾನ್ಯ ಮಾತ್ರೆಯ ಅಂಶ. ಆದರೆ ರಾಜಕೀಯಕ್ಕೆ ಅಷ್ಟು ಸೂಕ್ಷ್ಮ ಬೇಕಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ರಕ್ಷಣಾ ಇಲಾಖೆಯ ಉಪಕಾರ್ಯದರ್ಶಿ ಫ್ರಾಂಕ್ ಕಾರ್ಲೂಚಿ, ಪರೀಕ್ಷೆಯ ಫಲಿತಾಂಶವನ್ನು ಶಿಕ್ಷೆಗೂ ವಜಾಕ್ಕೂ ಬಳಸಲು ಹಸಿರು ನಿಶಾನೆ ತೋರಿದರು. 'ಶೂನ್ಯ ಸಹನೆ' ಅಲ್ಲಿಂದ ಶುರುವಾಯಿತು.

ಅದು ಫಲ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. 2002ರ ಸಮೀಕ್ಷೆಯ ಹೊತ್ತಿಗೆ 27.6 ಎಂಬ ಅಂಕಿ 3.4ಕ್ಕೆ ಇಳಿದಿತ್ತು. ಯಾವ ದಿನ ಹೆಸರು ಬರುತ್ತದೋ ಎಂಬ ಅಳುಕು ಮಾಡಿದ ಕೆಲಸವನ್ನು ಸಾವಿರ ಭಾಷಣಗಳು ಮಾಡಲಾರವು. ಸೇನೆಯ ಭಯಕ್ಕೆ ಆಧಾರವೂ ಇದೆ. ವ್ಯೋಮಿಂಗ್ ರಾಜ್ಯದ ಎಫ್.ಇ. ವಾರನ್ ವಾಯುನೆಲೆಯಲ್ಲಿ ಅಣ್ವಸ್ತ್ರ ಕ್ಷಿಪಣಿಗಳಿಗೆ ಕಾವಲಿರುವ ಪಡೆಯಲ್ಲೇ ಎಲ್‌ಎಸ್‌ಡಿ ಜಾಲವೊಂದು 2016ರಲ್ಲಿ ಸಿಕ್ಕಿಬಿತ್ತು, 14 ಮಂದಿ ಶಿಸ್ತುಕ್ರಮ ಎದುರಿಸಿದರು. 2017ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿ ಎಚ್‌ಎಂಎಸ್ ವಿಜಿಲೆಂಟ್‌ನ ಒಂಬತ್ತು ನಾವಿಕರು ಕೊಕೇನ್ ಪರೀಕ್ಷೆಯಲ್ಲಿ ಫೇಲಾಗಿ ವಜಾಗೊಂಡರು. ಇಂಥವರ ಪರವಾಗಿ ಯಾರೂ ವಕಾಲತ್ತು ಹಾಕಬೇಕಿಲ್ಲ.

ವಾರನ್ ನೆಲೆಯ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ. ಸಿಗುವವರು ತೀರಾ ಕಡಿಮೆ ಎಂದು ಸೇನೆ 2006ರಲ್ಲೇ ಎಲ್‌ಎಸ್‌ಡಿಯನ್ನು ಮಾಮೂಲಿ ಪರೀಕ್ಷೆಯ ಪಟ್ಟಿಯಿಂದ ಕೈಬಿಟ್ಟಿತ್ತು. ಹಾಗಾಗಿ ಕ್ಷಿಪಣಿ ಕಾಯುವವರು ಅದನ್ನು ಸೇವಿಸಿದರೂ ಬಾಟಲಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಕೊಕೇನ್ ಸೇವಿಸಿದವನ ಮೂತ್ರ ಎರಡು ಮೂರು ದಿನದಲ್ಲಿ ಸ್ವಚ್ಛವಾಗುತ್ತದೆ. ಗಾಂಜಾ ಮಾತ್ರ ಕೊಬ್ಬಿನಲ್ಲಿ ಕೂತು, ದಿನವೂ ಸೇದುವವರಲ್ಲಿ ವಾರಗಟ್ಟಲೆ ಸುಳಿವು ಬಿಡುತ್ತದೆ. ಹೆಚ್ಚು ಅಪಾಯದ್ದನ್ನು ಸೇವಿಸಿದವನು ಪಾರಾಗಿ, ಕಡಿಮೆ ಅಪಾಯದ್ದನ್ನು ಸೇದಿದವನು ಸಿಕ್ಕಿಬೀಳುವ ಸಾಧ್ಯತೆ ಈ ಪರೀಕ್ಷೆಯೊಳಗೇ ಇದೆ. ಅದೂ ಅಮೆರಿಕದ 24 ರಾಜ್ಯಗಳಲ್ಲಿ ವಯಸ್ಕರಿಗೆ ಗಾಂಜಾ ಕಾನೂನುಬದ್ಧವಾಗಿರುವ ಕಾಲದಲ್ಲಿ. ಸೈನ್ಯದ ಗೇಟಿನ ಹೊರಗೆ ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರುವ ವಸ್ತು, ಗೇಟಿನೊಳಗೆ ಜೈಲಿಗೆ ಕಾರಣವಾಗುತ್ತದೆ.

ಪರೀಕ್ಷೆಯೇ ಎಡವಿದ ಉದಾಹರಣೆಗಳೂ ಇವೆ. ಶೂನ್ಯ ಸಹನೆಯ ಮೊದಲ ಹುರುಪಿನಲ್ಲಿ, 1982-83ರಲ್ಲಿ, ಮಾದರಿಗಳ ಪ್ರವಾಹಕ್ಕೆ ಭೂಸೇನೆಯ ಪ್ರಯೋಗಾಲಯಗಳು ತತ್ತರಿಸಿದವು. ದಾಖಲೆಗಳು ಅಸ್ತವ್ಯಸ್ತ, ಬಾಟಲಿಗಳ ಕೈಬದಲಾವಣೆಯ ಲೆಕ್ಕ ಅಪೂರ್ಣ. ಕೊನೆಗೆ ಸೇನೆಯೇ ನೇಮಿಸಿದ ಪರಿಶೀಲನಾ ತಂಡ ಸಾವಿರಾರು ಫಲಿತಾಂಶಗಳಿಗೆ ಕಾನೂನಿನ ಮುಂದೆ ನಿಲ್ಲುವ ಬಲವಿಲ್ಲ ಎಂದಿತು. ತಮ್ಮ ದಾಖಲೆ ಸರಿಪಡಿಸಿಕೊಳ್ಳಲು ಅರ್ಜಿ ಹಾಕಿ ಎಂದು ಸೇನೆ ಆ ಸೈನಿಕರನ್ನು ಕರೆಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮಂದಿ ಸಮವಸ್ತ್ರ ಕಳಚಿ ಆಗಿತ್ತು. ಇಂದಿನ ಪ್ರಯೋಗಾಲಯಗಳು ಆಗಿನದಕ್ಕಿಂತ ಎಷ್ಟೋ ಮೇಲು ಎಂಬುದು ನಿಜ. ಆದರೂ ಪ್ರಶ್ನೆಗಳು ನಿಂತಿಲ್ಲ.

ಗಸಗಸೆಯನ್ನೇ ತೆಗೆದುಕೊಳ್ಳಿ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಒಂದು ಗಡದ್ದು ನಿದ್ದೆ ತೆಗೆಯುವ ಕನ್ನಡಿಗರಿಗೆ ಅದರ ಗುಣ ಹೇಳಿಕೊಡಬೇಕಿಲ್ಲ. ಅಫೀಮು ಗಿಡದ ಬೀಜ ಅದು. ಬೀಜದಲ್ಲಿ ಅಮಲಿಲ್ಲದಿದ್ದರೂ ಕೊಯ್ಲಿನ ವೇಳೆ ಕಾಯಿಯ ಹಾಲು ತಗುಲಿ ಕೊಡೀನ್, ಮಾರ್ಫಿನ್ ಅಂಶಗಳು ಅಂಟಿಕೊಂಡಿರಬಹುದು. ಕೊಲ್ಲಿಗೆ ಹೊರಟವರ ಸಾಮಾನಿನಲ್ಲಿ ಗಸಗಸೆ ಇರಕೂಡದು ಎಂದು ಮಂಗಳೂರು ಕಡೆಯವರು ಎಚ್ಚರಿಸುವುದು ಇದಕ್ಕೇ. ಯುಎಇಯಲ್ಲಿ ಅದು ನಿಷಿದ್ಧ. ಅಮೆರಿಕದಲ್ಲಿ ಬನ್ನು, ಬೇಗಲ್, ಕೇಕುಗಳ ಮೇಲೆ ಇದನ್ನು ಧಾರಾಳವಾಗಿ ಉದುರಿಸುತ್ತಾರೆ. ತಿಂಡಿ ತಿಂದದ್ದಕ್ಕೇ ಪಾಸಿಟಿವ್ ಬಂತು ಎಂದು ಸೈನಿಕರು ಹೇಳಿದರೆ ಬಹುಕಾಲ ಅದು ಹಳೆಯ ನೆಪ ಎಂದು ನಗುವವರೇ ಹೆಚ್ಚಿದ್ದರು. 2023ರ ಫೆಬ್ರುವರಿಯಲ್ಲಿ ರಕ್ಷಣಾ ಇಲಾಖೆಯ ಅಧೀನ ಕಾರ್ಯದರ್ಶಿ ಗಿಲ್ಬರ್ಟ್ ಸಿಸ್ನೆರೋಸ್ ಅವರೇ ಸುತ್ತೋಲೆ ಹೊರಡಿಸಿ, ಗಸಗಸೆಯಿಂದ ಕೊಡೀನ್ ಪರೀಕ್ಷೆ ಪಾಸಿಟಿವ್ ಬರಬಹುದು, ಅದನ್ನು ತಿನ್ನಬೇಡಿ ಎಂದು ಸಲಹೆ ಮಾಡಿದರು. ಮರುವರ್ಷ ಕೊಡೀನ್ ಗಡಿಯನ್ನು 2,000ದಿಂದ 4,000 ನ್ಯಾನೊಗ್ರಾಂಗೆ ಏರಿಸಲಾಯಿತು. ನೆಪ ಎಂದು ತಳ್ಳಿಹಾಕಿದ್ದು ಕೆಲವರ ಮಟ್ಟಿಗಾದರೂ ನಿಜವಿರಬಹುದು ಎಂದು ಸಂಸ್ಥೆ ಒಪ್ಪಿಕೊಂಡಂತಾಯಿತು.

ಎಲ್ಲಕ್ಕಿಂತ ಭಾರವಾದ ಅಂಕಿಅಂಶ ಬಂದದ್ದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಿಂದ, 2017ರ ಮೇ ತಿಂಗಳಲ್ಲಿ. 2011ರಿಂದ 2015ರ ಹಣಕಾಸು ವರ್ಷಗಳಲ್ಲಿ ದುರ್ನಡತೆಯ ಕಾರಣಕ್ಕೆ ಸೇನೆಯಿಂದ ಹೊರಬಿದ್ದವರು 91,764 ಮಂದಿ. ದುರ್ನಡತೆಯ ಪಟ್ಟಿಯಲ್ಲಿ ಡ್ರಗ್ಸ್ ಸೇವನೆಯೂ ಸೇರುತ್ತದೆ. ಅವರ ಪೈಕಿ ಶೇ 62ರಷ್ಟು, ಅಂದರೆ 57 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ, ಹೊರಬೀಳುವ ಹಿಂದಿನ ಎರಡು ವರ್ಷಗಳಲ್ಲಿ ಆಘಾತೋತ್ತರ ಮಾನಸಿಕ ಒತ್ತಡ, ಮಿದುಳಿಗೆ ಪೆಟ್ಟು ಅಥವಾ ಅಂಥ ಸಮಸ್ಯೆಗಳನ್ನು ಸೇನೆಯ ವೈದ್ಯರೇ ಗುರುತಿಸಿದ್ದರು. ಹೀಗೆ ಗುರುತಿಸಲ್ಪಟ್ಟವರಲ್ಲಿ ಶೇ 23ರಷ್ಟು ಮಂದಿಗೆ ಸಿಕ್ಕಿದ್ದು ಗೌರವಯುತವಲ್ಲದ ಬಿಡುಗಡೆ. ಅಂದರೆ ಕಾಯಿಲೆ ಇದೆ ಎಂದು ಬರೆದ ಸರ್ಕಾರವೇ ಆಸ್ಪತ್ರೆಯ ಬಾಗಿಲನ್ನು ಅರ್ಧ ಮುಚ್ಚಿತು.

ಕಂದಹಾರ್‌ನಲ್ಲಿ ಬಾಂಬ್ ಸಿಡಿತದಿಂದ ಬದುಕುಳಿದು ಬಂದು, ರಾತ್ರಿ ನಿದ್ದೆ ಬಾರದೆ ಗಾಂಜಾಕ್ಕೋ ಮಾತ್ರೆಗಳಿಗೋ ಮೊರೆಹೋದವನೂ, ಬ್ಯಾರಕ್ಕಿನಲ್ಲಿ ಕುಳಿತು ಕೊಕೇನ್ ಮಾರುವವನೂ ಕಾಗದದ ಮೇಲೆ ಒಂದೇ ಕಾಲಂಗೆ ಬೀಳಬಹುದು. ಯುದ್ಧಭೂಮಿಗೆ ಹೋಗಿ ಬಂದವರನ್ನು ಕೆಟ್ಟ ದರ್ಜೆಯಲ್ಲಿ ಹೊರಹಾಕುವ ಮೊದಲು ಇಂಥ ಗಾಯಗಳಿವೆಯೇ ಎಂದು ವೈದ್ಯಕೀಯ ತಪಾಸಣೆ ಮಾಡಬೇಕು ಎಂಬ ಕಾನೂನಿದೆ. ಅದೇ ವರದಿ ಕಂಡುಕೊಂಡಂತೆ, ಭೂಸೇನೆ ಮತ್ತು ಮರೀನ್ ಕೋರ್ ತಮ್ಮದೇ ತಪಾಸಣಾ ನಿಯಮಗಳನ್ನು ಕೆಲವು ಪ್ರಕರಣಗಳಲ್ಲಿ ಪಾಲಿಸಿದಂತಿರಲಿಲ್ಲ. 2014ರಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ಚಕ್ ಹೇಗಲ್, ಸ್ವತಃ ವಿಯೆಟ್ನಾಂನಲ್ಲಿ ಗಾಯಗೊಂಡಿದ್ದವರು, ಹಳೆಯ ಬಿಡುಗಡೆ ಪತ್ರಗಳನ್ನು ಮರುಪರಿಶೀಲಿಸುವಾಗ ಮಾನಸಿಕ ಆಘಾತವನ್ನು ಉದಾರವಾಗಿ ಪರಿಗಣಿಸಿ ಎಂದು ಆದೇಶಿಸಿದ್ದು ಇದೇ ಹಿನ್ನೆಲೆಯಲ್ಲಿ.

ಸೇನೆಗೆ ಕನಿಕರವೇ ಇಲ್ಲ ಎಂದಲ್ಲ. ಅದು ಸಿಗುವ ಜಾಗ ಮಾತ್ರ ವಿಚಿತ್ರ. ಹೊಸಬರು ಸಿಗದೆ ಪರದಾಡುತ್ತಿದ್ದಾಗ, 2022ರಲ್ಲಿ ವಾಯುಪಡೆ ಒಂದು ಪ್ರಯೋಗ ಶುರುಮಾಡಿತು. ಭರ್ತಿಯ ವೇಳೆ ಗಾಂಜಾ ಪರೀಕ್ಷೆಯಲ್ಲಿ ಫೇಲಾದವರನ್ನು ಶಾಶ್ವತವಾಗಿ ತಿರಸ್ಕರಿಸುವ ಬದಲು 90 ದಿನ ಬಿಟ್ಟು ಮತ್ತೆ ಬಾ ಎಂದಿತು. ಇನ್ನೂ ಒಂದು ದಿನವೂ ದುಡಿಯದವನಿಗೆ ಎರಡನೆಯ ಅವಕಾಶ ಕೊಡಬಹುದಾದರೆ, ಎರಡು ಸಲ ಯುದ್ಧಕ್ಕೆ ಹೋಗಿ ಬಂದವನಿಗೆ ಯಾಕೆ ಕೊಡಬಾರದು?

ಇನ್ನೊಂದು ಬಾಗಿಲು ಈಗಲೇ ಇದೆ. ಭೂಸೇನೆಯ ನಿಯಮದ ಪ್ರಕಾರ, ಪರೀಕ್ಷೆಗೆ ಹೆಸರು ಬರುವ ಮೊದಲೇ ಸೈನಿಕ ತಾನಾಗಿ ಮುಂದೆ ಬಂದು ನನಗೆ ಚಟವಿದೆ, ಚಿಕಿತ್ಸೆ ಕೊಡಿ ಎಂದರೆ, ಆ ಮಾತನ್ನು ಅವನನ್ನು ಶಿಕ್ಷಿಸಲಾಗಲೀ ಕೆಟ್ಟ ದರ್ಜೆಯಲ್ಲಿ ಹೊರಹಾಕಲಾಗಲೀ ಬಳಸುವಂತಿಲ್ಲ. ತಡವಾದರೆ ಈ ರಕ್ಷಣೆಯಿಲ್ಲ. ಪಟ್ಟಿಯಲ್ಲಿ ಹೆಸರು ಕೂಗಿದ ಕ್ಷಣಕ್ಕೆ ಬಾಗಿಲು ಮುಚ್ಚುತ್ತದೆ. ನಿಯಮ ಚೆನ್ನಾಗಿದೆ, ಆದರೆ ಇಪ್ಪತ್ತರ ಹುಡುಗನೊಬ್ಬ ತನ್ನ ಸಾರ್ಜೆಂಟ್ ಮುಂದೆ ನಿಂತು ಹೀಗೆ ಒಪ್ಪಿಕೊಳ್ಳಲು ಬೇಕಾದ ಧೈರ್ಯ ಸಣ್ಣದಲ್ಲ. ಬಡ್ತಿ ತಪ್ಪೀತು, ಜೊತೆಗಾರರು ನಕ್ಕಾರು ಎಂಬ ಅಂಜಿಕೆ ಸುತ್ತೋಲೆಯಿಂದ ಹೋಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ಒಂದೆರಡು ಕಡೆ ಹೆಚ್ಚು ವಿವೇಕದಿಂದ ಕೂಡಿದೆ. ಭಾರತದ 1950ರ ಸೇನಾ ಕಾಯ್ದೆಯ 48ನೇ ಸೆಕ್ಷನ್ ಶಿಕ್ಷಿಸುವುದು ಅಮಲಿನ ಸ್ಥಿತಿಯಲ್ಲಿ ಸಿಕ್ಕವನನ್ನು. ಕರ್ತವ್ಯದಲ್ಲಿ ಇದ್ದಾಗಿನ ತಪ್ಪಿಗೆ ಹೆಚ್ಚು, ಇಲ್ಲದಾಗಿನ ತಪ್ಪಿಗೆ ಕಡಿಮೆ. ಮಾದಕ ವಸ್ತು ತಡೆ ಕಾಯ್ದೆಯ 64ಎ ಸೆಕ್ಷನ್, ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಅಂದರೆ ಸಿಕ್ಕಿಬಿದ್ದ ಮೇಲೂ ಬಾಗಿಲು ತೆರೆದಿರುತ್ತದೆ. ಆದರೆ ಹೆಮ್ಮೆಪಡಲು ಅವಸರ ಬೇಡ. 2018ರಲ್ಲಿ ಪಂಜಾಬ್ ಮುಖ್ಯಮಂತ್ರಿಯಾಗಿದ್ದ ಅಮರಿಂದರ್ ಸಿಂಗ್ ಪೊಲೀಸರೂ ಸೇರಿ ಎಲ್ಲ ಸರ್ಕಾರಿ ನೌಕರರಿಗೆ ಡೋಪ್ ಟೆಸ್ಟ್ ಕಡ್ಡಾಯ ಎಂದು ಘೋಷಿಸಿದಾಗ, ಫೇಲಾದವರನ್ನು ಏನು ಮಾಡಬೇಕು ಎಂಬ ಚರ್ಚೆಗಿಂತ ಯಾರ್‍ಯಾರಿಗೆ ಪರೀಕ್ಷೆ ಮಾಡಬೇಕು ಎಂಬ ರಾಜಕೀಯ ಜಟಾಪಟಿಯೇ ಜೋರಾಗಿತ್ತು. ಇಂಥ ಪ್ರಸ್ತಾವ ನಾಳೆ ಯಾವ ರಾಜ್ಯದಲ್ಲಿ, ಯಾವ ಪಡೆಯಲ್ಲಿ ಬಂದರೂ ಮೊದಲು ಕೇಳಬೇಕಾದದ್ದು ಫಲಿತಾಂಶ ಬಂದ ಮರುದಿನದ ಬಗ್ಗೆಯೇ.

ಅಮೆರಿಕ ಮಾಡಬೇಕಾದ ತಿದ್ದುಪಡಿಗಳು ದೊಡ್ಡವಲ್ಲ. ಮಾರಾಟದ ಆರೋಪವಿಲ್ಲದ, ಸೂಕ್ಷ್ಮ ಹುದ್ದೆಯಲ್ಲಿಲ್ಲದ, ಮೊದಲ ಸಲ ಸಿಕ್ಕವನಿಗೆ ಹೊರಹಾಕುವ ಪ್ರಕ್ರಿಯೆಗಿಂತ ಮುಂಚೆ ಚಿಕಿತ್ಸೆಯ ಅವಧಿ ಕಡ್ಡಾಯವಾಗಲಿ. ಮತ್ತೆ ಫೇಲಾದರೆ ಅವನ ದಾರಿ ಅವನಿಗೆ. ಯುದ್ಧಭೂಮಿ ಕಂಡವರ ಕಡತಕ್ಕೆ ವೈದ್ಯರ ಸಹಿ ಬೀಳದೆ ಕಮಾಂಡರ್ ಸಹಿ ಬೀಳದಿರಲಿ. ಆರು ವರ್ಷ ತುಂಬದವರಿಗೂ ಮಂಡಳಿಯ ಮುಂದೆ ನಿಲ್ಲುವ ಹಕ್ಕು ಸಿಗಲಿ. ನೌಕರಿಯಿಂದ ತೆಗೆಯುವುದು ಬೇರೆ, ಆಸ್ಪತ್ರೆಯಿಂದ ದೂರವಿಡುವುದು ಬೇರೆ. ಸೇವೆಯಲ್ಲಿದ್ದಾಗ ಆದ ಗಾಯಕ್ಕೆ ಚಿಕಿತ್ಸೆ ಬಿಡುಗಡೆ ಪತ್ರದ ದರ್ಜೆಯನ್ನು ಅವಲಂಬಿಸದಿರಲಿ. ಇಷ್ಟಾದರೆ ಸೇನೆಯ ಶಿಸ್ತಿಗೆ ಕುಂದು ಬರುವುದಿಲ್ಲ. ಬಾಟಲಿ, ವೀಕ್ಷಕ, ಹಠಾತ್ ಪಟ್ಟಿ ಎಲ್ಲವೂ ಇದ್ದಲ್ಲೇ ಇರುತ್ತವೆ.

ಇದಕ್ಕೆ ಸಮಯವೂ ಹೆಚ್ಚಿಲ್ಲ. ಬಿಡುಗಡೆಯ ದರ್ಜೆ ತಿದ್ದಿಕೊಡಿ ಎಂದು ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಲು ಮಾಜಿ ಸೈನಿಕರಿಗೆ 15 ವರ್ಷಗಳ ಗಡುವಿದೆ. ಅದು ದಾಟಿದರೆ ದಾಖಲೆ ತಿದ್ದುಪಡಿ ಮಂಡಳಿ ಎಂಬ ಇನ್ನೂ ಕಡಿದಾದ ದಾರಿ ಹಿಡಿಯಬೇಕು. ಲೆಕ್ಕಪರಿಶೋಧಕರು ಎಣಿಸಿದ ಆ 57 ಸಾವಿರ ಮಂದಿಯಲ್ಲಿ 2011ರಲ್ಲಿ ಹೊರಬಿದ್ದವರ ಗಡುವು 2026ಕ್ಕೆ ಮುಗಿಯುತ್ತದೆ, ಉಳಿದವರದು ಅದರ ಬೆನ್ನಿಗೇ ವರ್ಷಕ್ಕೊಂದು ತಂಡದಂತೆ.